ಕಾಲಿಗುಲನ ಹುಬ್ಬಿನ ಗೆರೆ

ಯಾರೂ ಫೋಟೊ ತೆಗೆಯದೆ ಹೋದವರ ಮುಖಗಳನ್ನು ಬರೆಯುವುದು ನನ್ನ ಕೆಲಸ. ಸರೋವರದ ಬಳಿಯ ನಮ್ಮ ಕರಾಕೋಲ್ ಊರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಬುರುಲ್ ಎಂಬ ನನ್ನ ಬಗ್ಗೆ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ಜನಕ್ಕೆ ಗೊತ್ತಿರುವುದು ಇಷ್ಟೇ. ನಮ್ಮಲ್ಲಿ ಏಳು ತಲೆಮಾರಿನ ತಂದೆಯರ ಹೆಸರು ಬಾರದವನನ್ನು ಮನುಷ್ಯನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಸರೇನೋ ಚಿಕ್ಕ ಮಕ್ಕಳ ಬಾಯಲ್ಲೂ ಇರುತ್ತದೆ. ಮುಖ ಮಾತ್ರ ಯಾರ ಬಳಿಯೂ ಇರುವುದಿಲ್ಲ. ಅದಕ್ಕೇ ನನ್ನಲ್ಲಿಗೆ ಬರುತ್ತಾರೆ.

ಬಂದವರನ್ನು ಕಿಟಕಿಯ ಪಕ್ಕ ಕೂರಿಸಿ, ಹಾಲು ಹಾಕಿದ ಚಹಾ ಕೊಟ್ಟು, ಕೇಳುತ್ತೇನೆ. ಸಿಟ್ಟು ಬಂದರೆ ಏನು ಮಾಡುತ್ತಿದ್ದರಂತೆ? ನಗು ಹೇಗಿತ್ತಂತೆ? ನಿಮ್ಮ ಮನೆಯಲ್ಲಿ ಯಾರನ್ನು ನೋಡಿದಾಗ ಮುದುಕರು ‘ಅವನೇ ತಿರುಗಿ ಹುಟ್ಟಿದ್ದಾನೆ’ ಅನ್ನುತ್ತಾರೆ? ಕೇಳುತ್ತ ಕೇಳುತ್ತ ಹೇಳುವವರ ಮುಖವನ್ನೇ ನೋಡುತ್ತೇನೆ. ಅವರ ಮೂಗು, ಅವರ ಕೆನ್ನೆಮೂಳೆ, ಅವರ ತಂದೆಯ ತಂದೆಯದೂ ಆಗಿರಬೇಕಲ್ಲ. ಆಮೇಲೆ ಪೆನ್ಸಿಲು, ರಬ್ಬರು, ನೆರಳು ಹರಡಲು ನನ್ನ ಹೆಬ್ಬೆರಳು. ಬೇರೆ ಸಾಮಾನು ಬೇಕಿಲ್ಲ.

ನಮ್ಮ ಅತ್ತೆಯ ಮನಸ್ಸನ್ನು ನಾನು ಗೆದ್ದದ್ದೂ ಹೀಗೆಯೇ. ಸೋನುನ್ ಅತ್ತೆ ಸಾಮಾನ್ಯ ಹೆಂಗಸಲ್ಲ. ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ನಾನು ನಾದಿದ ಹಿಟ್ಟು ಅವರಿಗೆ ಕಲ್ಲು, ನಾನು ಕಾಸಿದ ಚಹಾ ಕೆಸರು. ಅವರ ಅಪ್ಪ ಕಾಲಿಗುಲ್ ನಲವತ್ತೆರಡರ ಜನವರಿಯಲ್ಲಿ ಯುದ್ಧಕ್ಕೆ ಹೋದಾಗ ಇವರು ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದರು. ಹೆರಿಗೆಯಾದ ವಾರಕ್ಕೆ ಸಾವಿನ ಕಾಗದ ಬಂತು. ಒಂದು ಫೋಟೊ ಇಲ್ಲ, ಅಂಗಿಯ ಒಂದು ಗುಂಡಿ ಸಹ ಇಲ್ಲ. ತಾಯಿ ಹೇಳಿದ್ದಷ್ಟೇ ಉಳಿದದ್ದು: ಅಗಲ ಹಣೆ, ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲೆ, ಶಬ್ದವಿಲ್ಲದ ನಗು. ಅದನ್ನೇ ಹಿಡಿದು ನಾನು ಬರೆದೆ. ಅತ್ತೆ ಚಿತ್ರ ನೋಡಿದರು, ಅದನ್ನು ಎತ್ತಿಕೊಂಡು ಹೊರಗೆ ಹೋದರು, ಬಹಳ ಹೊತ್ತಿನ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ಆ ಸಲದ ಹಬ್ಬದಲ್ಲಿ ಕುರಿಮಾಂಸ ಹಂಚುವಾಗ ಸೊಸೆಯ ಪಾಲಿಗೆ ಬರಬಾರದಷ್ಟು ದೊಡ್ಡ ಎಲುಬು ನನ್ನ ತಟ್ಟೆಗೆ ಬಿತ್ತು. ಅವತ್ತಿನಿಂದ ಆ ಮನೆ ನನ್ನದಾಯಿತು.

ನಾಲ್ಕು ವರ್ಷದ ಹಿಂದೆ ಮೈದುನ ಎರ್ಮೆಕ್ ಮದುವೆಯಾಗಿ ಪೆರಿಜಾತಳನ್ನು ಕರೆತಂದ. ದಕ್ಷಿಣದ ಓಶ್ ಊರಿನ ಹುಡುಗಿ, ಇಪ್ಪತ್ತಾರು ವರ್ಷ. ಅಲ್ಲಿ ಮದುವೆ ಆಲ್ಬಂ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಸೊಸೆಯರು ಪೆಟ್ಟಿಗೆಯಲ್ಲಿ ಹಾಸಿಗೆ ಬಟ್ಟೆ ತರುತ್ತಾರೆ. ಇವಳು ಅದರ ಜೊತೆಗೆ ಗಾಜಿನ ಹಲಗೆಯಂಥ ಒಂದು ಟ್ಯಾಬ್, ಅದರ ಮೇಲೆ ಗೀಚಲು ಒಂದು ಬಿಳಿ ಪೆನ್ನು ತಂದಳು. ಅವಳ ದಕ್ಷಿಣದ ಉಚ್ಚಾರಣೆಯನ್ನು ಅಣಕಿಸಿ ನಾನು ಅಕ್ಕಪಕ್ಕದವರನ್ನು ನಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು. ಅದೇ ನನಗೆ ಮೊದಲು ಹಿಡಿಸದೆ ಹೋದದ್ದು.

ಓರಗಿತ್ತಿ ಎಂದಮೇಲೆ ಸ್ವಲ್ಪ ಉರಿ ಇದ್ದದ್ದೇ. ಒಲೆಯಲ್ಲಿ ಕಿಚ್ಚಿರುವ ಹಾಗೆ. ಮನೆ ಸುಡುವಷ್ಟು ಎದ್ದದ್ದು ತ್ಯುಪ್ ಹಳ್ಳಿಯ ಒಬ್ಬ ಡ್ರೈವರ್‌ನಿಂದ. ಅವನ ಮುತ್ತಜ್ಜಿಯ ಚಿತ್ರವನ್ನು ನಾನು ಹದಿನೈದು ದಿನ ಕೂತು ಬರೆದಿದ್ದೆ. ಅವನು ತೆಗೆದುಕೊಂಡು ಹೋಗಲು ಬಂದಾಗ ನಾನು ಶಾಲೆಯಲ್ಲಿದ್ದೆ, ಮಕ್ಕಳಿಗೆ ಚಿತ್ರ ಕಲಿಸುವ ಹೊತ್ತು. ಪೆರಿಜಾತ್ ಚಿತ್ರ ಕೊಡುವ ಮೊದಲು ಅದನ್ನು ಸ್ಕ್ಯಾನ್ ಮಾಡಿಕೊಂಡಳಂತೆ. ಅವನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಮುದುಕಿಯ ಕೆನ್ನೆಗೆ ಬಿಸಿಲಿನ ಕೆಂಪು ಬಂತಂತೆ, ಬಿಳಿ ತಲೆವಸ್ತ್ರಕ್ಕೆ ಮಡಿಕೆ ಬಂತಂತೆ, ಹಿಂದೆ ಸರೋವರದ ನೀಲಿ ಬಂತಂತೆ. ಆ ಮನುಷ್ಯ ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡನಂತೆ. ಇಷ್ಟನ್ನೂ ನನ್ನ ಗಂಡ ಸಮಾತ್ ಊಟದ ಹೊತ್ತಿಗೆ ನನಗೆ ಬಡಿಸಿದ.

“ಏನ್ ಬಣ್ಣ ಅಂತೀಯಾ ಬುರುಲ್! ಮುದುಕಿ ಈಗ ಮಾತಾಡ್ತಾಳೆ ಅನ್ನೋ ಹಾಗೆ.”

“ನಾನು ಬರೆದಾಗ ಮೂಗಿ ಆಗಿದ್ಲಾ?”

“ಹಾಗಲ್ವೇ. ನಿಂದು ನಿಂದೇ. ಇದು ಬೇರೆ.”

“ಬೇರೆ ಅಂದ್ರೆ?”

ಅವನು ಮಾಂಸದ ಎಲುಬನ್ನು ಬಾಯಿಗಿಟ್ಟು ಚೀಪತೊಡಗಿದ. ಗಂಡಸರು ಬೆಂಕಿ ಹಚ್ಚಿ ಎಲುಬು ಚೀಪುತ್ತ ಕೂರುವುದರಲ್ಲಿ ಗಟ್ಟಿಗರು.

ಅಲ್ಲಿಂದ ಮುಂದೆ ಬಾಗಿಲು ಬಡಿದವರೆಲ್ಲ ನನ್ನ ಭುಜದ ಮೇಲಿಂದ ಒಳಗೆ ಇಣುಕತೊಡಗಿದರು.

“ಎಜೆ, ಆ ಬಣ್ಣ ಹಾಕೋ ಸೊಸೆ ಮನೇಲಿದಾರಾ?”

ಎಜೆ ಅಂದರೆ ಅಕ್ಕ. ಅಕ್ಕ ಎಂದು ಕರೆದೇ ಅಕ್ಕನನ್ನು ಪಕ್ಕಕ್ಕೆ ಸರಿಸುವುದು. “ಮೊದಲು ಬಣ್ಣ ಹಾಕೋದಕ್ಕೆ ಮುಖ ಬೇಡ್ವೇನಪ್ಪಾ?” ಎಂದು ನಾನು ನಗುತ್ತಲೇ ಹೇಳುತ್ತಿದ್ದೆ. ಹೊಟ್ಟೆಯೊಳಗೆ ಕೆಂಡ. ನಾನು ಬರೆದದ್ದು ಮನೆಯ ಗೋಡೆಯ ಮೇಲೆ ಒಂದೇ ಇರುತ್ತದೆ. ಅವಳದು ಒಂದು ಘಳಿಗೆಯಲ್ಲಿ ಬರೆಸಿಕೊಂಡವರ ನೆಂಟರಿಷ್ಟರ ನೂರು ಫೋನುಗಳಿಗೆ ಹೋಗುತ್ತದೆ. ಬಿಷ್ಕೆಕ್‌ನಲ್ಲಿರುವ ಮಗಳು ನೋಡುತ್ತಾಳೆ, ಮಾಸ್ಕೋದಲ್ಲಿ ಗಾರೆ ಕೆಲಸ ಮಾಡುವ ಅಳಿಯ ನೋಡುತ್ತಾನೆ, ಎಲ್ಲರೂ ‘ಪೆರಿಜಾತಳ ಚಿತ್ರ’ ಅನ್ನುತ್ತಾರೆ. ಆಮೇಲಾಮೇಲೆ ಅವಳು ಮುಖಗಳು ರೆಪ್ಪೆ ಮಿಟುಕಿಸುವ ಹಾಗೂ ಮಾಡಿದಳು.

ನಾನು ಸಣ್ಣವಳಾಗಿ ಹೋದೆ. ಬಾಯಿ ಒಡೆದ ಬಟ್ಟಲು ಅವಳಿಗೇ ಹೋಗುವಂತೆ ಜೋಡಿಸುತ್ತಿದ್ದೆ. ಅವಳು ಟ್ಯಾಬ್ ಹಿಡಿದು ಕೂತ ಕೂಡಲೇ ಕಲ್ಲಿದ್ದಲು ತರಲು ಕಳಿಸುತ್ತಿದ್ದೆ. ಅವಳು ಕರಿದ ಬೋರ್ಸೋಕ್ ಹಿಟ್ಟಿನ ತುಂಡುಗಳು ಉಬ್ಬದೆ ಹೋದರೆ ಆ ಇಡೀ ದಿನ ನನಗೆ ಹಾಲು ಕುಡಿದಷ್ಟು ಸಂತೋಷ. ಅವಳು ಮಾತ್ರ “ಎಜೆ, ಎಜೆ” ಎಂದು ನನ್ನ ಹಿಂದೆಯೇ ತಿರುಗುತ್ತಿದ್ದಳು. ನಾನು ಬರೆಯುವಾಗ ಬಾಗಿಲ ಬಳಿ ನಿಲ್ಲುತ್ತಿದ್ದಳು. ನಾನು ಬೆನ್ನು ತಿರುಗಿಸಿ ಬರೆಯುತ್ತಿದ್ದೆ.

ಅತ್ತೆಗೆ ಎಂಬತ್ತು ತುಂಬುವ ಔತಣ ಮೇ ತಿಂಗಳಲ್ಲಿ ಎಂದು ನಿಶ್ಚಯವಾಯಿತು. ಹಾಲ್‌ನಲ್ಲಿ ದೊಡ್ಡ ಪರದೆಯ ಮೇಲೆ ಕಾಲಿಗುಲನನ್ನು ತೋರಿಸಬೇಕು, ಅತ್ತೆಗೆ ಮೊದಲೇ ತಿಳಿಯಬಾರದು ಎಂದು ಎರ್ಮೆಕ್ ಏರ್ಪಾಟು ಮಾಡಿದ. ಗಾಜಿನ ಚೌಕಟ್ಟು ಒರೆಸುವ ನೆಪದಲ್ಲಿ ಚಿತ್ರವನ್ನು ಇಳಿಸಿ ಪೆರಿಜಾತಳ ಕೈಗೆ ಕೊಟ್ಟ. ನನ್ನ ಕಾಲಿಗುಲ್! ಆ ಮನೆಯಲ್ಲಿ ನಾನು ಕಾಲೂರಿದ್ದು ಅವನಿಂದ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಎರಡು ದಿನದ ಮೇಲೆ ನಾನು ಹಿಟ್ಟು ನಾದುತ್ತಿದ್ದಾಗ ಪೆರಿಜಾತ್ ಟ್ಯಾಬ್ ಹಿಡಿದು ಅಡುಗೆಮನೆಗೆ ಬಂದಳು.

“ಎಜೆ, ಒಂದ್ ಕೇಳ್ಲಾ? ಬೈಬಾರ್ದು.”

“ಬೈಯೋ ಹಾಗಿದ್ರೆ ಬೈತೀನಿ. ಕೇಳು.”

“ಎಡ ಹುಬ್ಬಿನ ಮೇಲೆ ಇಲ್ಲೊಂದು ಗೆರೆ ಇದೆ ನೋಡಿ. ಇದು ಗಾಯದ ಗುರುತಾ, ಇಲ್ಲ ಪೆನ್ಸಿಲ್ ಹರಡಿದ್ದಾ? ಹರಡಿದ್ದಾದ್ರೆ ಅಳಿಸಿಬಿಡ್ತೀನಿ.”

ಅದು ಹರಡಿದ್ದು. ನನಗೆ ಚೆನ್ನಾಗಿ ಗೊತ್ತು. ಆ ಚಳಿಗಾಲದಲ್ಲಿ ಬೆರಳು ಮರಗಟ್ಟಿತ್ತು, ನೆರಳು ತೀಡುವಾಗ ಹೆಬ್ಬೆರಳು ಜಾರಿತು. ಅಳಿಸುವ ಮೊದಲೇ ಅತ್ತೆ ಚಿತ್ರವನ್ನು ಕಿತ್ತುಕೊಂಡು ಗಾಜು ಹಾಕಿಸಿದ್ದರು. ಪೆನ್ಸಿಲ್ ಚಿತ್ರದಲ್ಲಿ ಅದು ನೆರಳಿನೊಳಗೆ ನೆರಳು. ನನ್ನ ಬಿಟ್ಟರೆ ಇಪ್ಪತ್ತೈದು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇವಳು ಬಂದ ಎರಡು ವರ್ಷಕ್ಕೆ ನನ್ನ ತಪ್ಪಿನ ಮೇಲೆ ಬೆರಳಿಟ್ಟು ‘ಅಳಿಸಿಬಿಡ್ತೀನಿ’ ಅನ್ನುತ್ತಿದ್ದಾಳೆ.

ಆಗ ನನ್ನ ತಲೆಯಲ್ಲಿ ಒಂದು ಯೋಚನೆ ಬಂತು. ಅತ್ತೆಯ ಮುಂದೆ ಅವರ ಅಪ್ಪನ ಬಗ್ಗೆ ಒಂದು ಕುಂದು ಮಾತು ಆಡುವಂತಿಲ್ಲ. ಕಾಲಿಗುಲ್ ಸ್ವಲ್ಪ ಗಿಡ್ಡ ಅಂತೆ ಎಂದ ನೆಂಟನ ಜೊತೆ ಅವರು ಎರಡು ವರ್ಷ ಮಾತು ಬಿಟ್ಟಿದ್ದರು. ಇನ್ನು ಅವನ ಮುಖಕ್ಕೆ ಗಾಯ ಹಾಕಿದರೆ?

“ಗಾಯ,” ಅಂದೆ. “ಕುದುರೆ ಮರಿ ಒದ್ದದ್ದು. ಹದಿನಾರು ವರ್ಷದ ಹುಡುಗ ಆಗಿದ್ದಾಗ.”

“ಅಪಾ ನಂಗೆ ಯಾವತ್ತೂ ಹೇಳ್ಲೇ ಇಲ್ವಲ್ಲ?” ಅತ್ತೆಯನ್ನು ಅವಳು ಅಪಾ, ಅಂದರೆ ಅಮ್ಮ, ಎಂದೇ ಕರೆಯುವುದು.

“ನೀನು ಬಂದು ಎರಡ್ ವರ್ಷ. ಎಲ್ಲಾ ನಿಂಗೇ ಹೇಳ್ಬೇಕೇನು?”

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. “ಸರಿ ಎಜೆ. ಹಾಗಾದ್ರೆ ಚೆನ್ನಾಗಿ ಕಾಣೋ ಹಾಗೆ ಮಾಡ್ತೀನಿ,” ಅಂದು ಹೋದಳು.

ಔತಣಕ್ಕೆ ಇನ್ನೂ ಮೂರು ವಾರವಿತ್ತು. ನಡುವೆ ಎರಡು ಸಲ ನನಗೆ ಮನಸ್ಸು ಚುಚ್ಚಿತು. ಒಂದು ಸಲ ‘ಆ ಗೆರೆ ತೆಗೆದುಬಿಡು’ ಎಂದು ಹೇಳಲು ಅವಳ ಕೋಣೆಯ ಬಾಗಿಲವರೆಗೂ ಹೋದೆ. ಒಳಗೆ ಪಕ್ಕದ ಮನೆಯ ಹೆಂಗಸು ಕೂತಿದ್ದಳು. “ನಿನ್ನಂಥ ಕೈ ಈ ಊರಲ್ಲೇ ಇರ್ಲಿಲ್ಲ ಕಣೇ” ಅನ್ನುತ್ತಿದ್ದಳು. ಅವಳ ಮೂರು ತಲೆಮಾರನ್ನು ಬರೆದುಕೊಟ್ಟವಳು ನಾನು. ಹಾಗೇ ಹಿಂದಿರುಗಿದೆ.

ಔತಣದ ದಿನ ಹಾಲ್ ತುಂಬ ನೆಂಟರು. ಆತ್‌ಬಾಷಿಯಿಂದ, ಬೆಟ್ಟಗಳಾಚೆಯಿಂದ, ಇಮಾಂಕುಲ್ ಎಂಬ ಮುದುಕ ಬಂದಿದ್ದ. ಕಾಲಿಗುಲನ ಚಿಕ್ಕಪ್ಪನ ಮಗ, ತೊಂಬತ್ತೊಂದು ವರ್ಷ. ಜೀವನವಿಡೀ ಕುರಿ ಕಾಯುತ್ತ ಆಚೆಯ ಹುಲ್ಲುಗಾವಲಲ್ಲೇ ಉಳಿದವನು ನಲವತ್ತು ವರ್ಷದಲ್ಲಿ ಈ ಕಡೆಗೆ ಬಂದದ್ದು ಅದೇ ಮೊದಲು. ಮೊಮ್ಮಗಳು ಕಾರಿನಲ್ಲಿ ಕರೆತಂದಿದ್ದಳು. ಪೆರಿಜಾತ್ ಬೆಳಗಿನಿಂದ ಅವನ ಪಕ್ಕದಲ್ಲೇ ಕೂತು ಚಹಾ ಹೊಯ್ಯುತ್ತಿದ್ದಳು. ಅವಳಿಗೆ ಎಲ್ಲರನ್ನೂ ಒಲಿಸಿಕೊಳ್ಳುವ ಚಪಲ ಎಂದುಕೊಂಡೆ.

ಬೆಶ್‌ಬರ್ಮಾಕ್ ಎಂಬ ಮಾಂಸದೂಟ ಬಡಿಸುವ ಮೊದಲು ಎರ್ಮೆಕ್ ದೀಪ ಆರಿಸಿದ. ಪರದೆಯ ಮೇಲೆ ಕಾಲಿಗುಲ್ ಬಂದ.

ಏನು ಹೇಳಲಿ. ಹೊಟ್ಟೆಕಿಚ್ಚಿನವಳ ಕಣ್ಣಿಗೂ ಅವನು ಚೆಂದ ಕಂಡ. ನಾನು ಹಾಕಿದ ಒಂದು ಗೀಟನ್ನೂ ಅವಳು ಕೆಡಿಸಿರಲಿಲ್ಲ. ನಾನು ಬೂದು ಬಣ್ಣದಲ್ಲಿ ಅಂದಾಜು ಮಾಡಿದ್ದಕ್ಕೆ ಅವಳು ರಕ್ತ ತುಂಬಿದ್ದಳು. ಕಂಬಳಿ ಟೋಪಿಯ ಕೆಳಗೆ ಬಿಸಿಲಿಗೆ ಕಂದಿದ ಹಣೆ, ಗಾಳಿಗೆ ಅಲುಗುವ ಕಾಲರ್. ಕಣ್ಣುಗಳು ಒಮ್ಮೆ ಮಿಟುಕಿದವು. ತುಟಿ ಶಬ್ದವಿಲ್ಲದೆ ನಕ್ಕಿತು. ಎಡ ಹುಬ್ಬಿನ ಮೇಲೆ, ಅಳಿಸಲಾಗದಂತೆ, ಬೆಳ್ಳಗೆ ಒಂದು ಗಾಯದ ಗುರುತು.

ಅತ್ತೆ ಎದ್ದು ಕೋಲು ಊರಿಕೊಂಡು ಪರದೆಯ ಹತ್ತಿರ ಹೋದರು. ಹಾಲ್‌ನಲ್ಲಿ ಎಲ್ಲರೂ ಕತ್ತು ಚಾಚಿದರು.

“ಇದೇನಿದು? ನಮ್ಮಪ್ಪನ ಮುಖದ ಮೇಲೆ ಏನಿದು?” ತಿರುಗಿದರು. “ಯಾರು ಹಾಕಿದ್ದು ಇದನ್ನ? ಪೆರಿಜಾತ್!”

ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವೇ ಆಯಿತು. ಪೆರಿಜಾತ್ ಎದ್ದು ನಿಂತಳು. ನನ್ನ ಕಡೆ ಒಮ್ಮೆ ನೋಡಿದಳು. ‘ಬುರುಲ್ ಎಜೆ ಹೇಳಿದ್ದು’ ಎಂದು ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಅನ್ನಲಿಲ್ಲ. ತಲೆ ತಗ್ಗಿಸಿ ನಿಂತಳು.

ಅಷ್ಟರಲ್ಲಿ ಮುದುಕ ಇಮಾಂಕುಲ್ ಮೇಜು ಕುಟ್ಟಿದ.

“ಯಾಕೆ ಕಿರುಚ್ತೀಯೆ ಸೋನುನ್? ಕುದುರೆ ಮರಿ ಒದ್ದಿದ್ದು ಅದು. ನಿಮ್ಮಪ್ಪಂಗೆ ಒದ್ದಿತ್ತು. ರಕ್ತ ಸುರಿಸ್ಕೊಂಡು ಬಂದಿದ್ದ, ನಮ್ಮಜ್ಜಿ ಬೂದಿ ಮೆತ್ತಿದ್ಲು. ಮದುವೆ ದಿನಾನೂ ಆ ಗುರುತಿತ್ತು. ಎಲ್ಲರೂ ಅವನನ್ನ ಆಡ್ಕೊಳ್ಳೋರು, ಹೆಂಡ್ತಿ ಒದ್ಲಾ ಅಂತ!”

ಹಾಲ್ ಗೊಳ್ಳೆಂದು ನಕ್ಕಿತು. ಅತ್ತೆ ನಗಲಿಲ್ಲ. ಪರದೆಯ ಹತ್ತಿರ ಕೈ ಎತ್ತಿ ಆ ಹುಬ್ಬನ್ನು ಮುಟ್ಟಿದರು. ಬಣ್ಣದ ಬೆಳಕು ಅವರ ಬೆರಳ ಮೇಲೆ ಬಿತ್ತು. ಎಂಬತ್ತು ವರ್ಷದ ಹೆಂಗಸು ಚಿಕ್ಕ ಹುಡುಗಿಯ ಹಾಗೆ ಅತ್ತರು. “ನಮ್ಮಮ್ಮ ಇದನ್ನ ನಂಗೆ ಹೇಳ್ಲೇ ಇಲ್ಲ. ನೋವಾಗುತ್ತೆ ಅಂತ ಮುಚ್ಚಿಟ್ಟಿದ್ಲೇನೋ. ನಿಂಗೆ ಹೇಗೆ ಗೊತ್ತಾಯ್ತು ಮಗಳೇ?”

“ನಂಗೇನೂ ಗೊತ್ತಿಲ್ಲ ಅಪಾ. ಬುರುಲ್ ಎಜೆ ಹೇಳಿದ್ರು. ಚಿತ್ರ ಅವರದೇ. ನಾನು ಬಣ್ಣ ಮಾತ್ರ.”

ಅತ್ತೆ ನನ್ನ ಬಳಿ ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟರು. ಜನ ಚಪ್ಪಾಳೆ ತಟ್ಟಿದರು. ಪಕ್ಕದ ಮನೆಯವಳೂ ತಟ್ಟಿದಳು. ಅಷ್ಟು ದೊಡ್ಡ ಹೊಗಳಿಕೆ ನನ್ನ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಅದನ್ನೂ ಅವಳೇ ಎತ್ತಿ ನನ್ನ ತಟ್ಟೆಗೆ ಹಾಕಿದ್ದಳು. ಇಷ್ಟು ದಿನ ಅವಳ ಬಣ್ಣದ ಮೇಲೆ ಉರಿ ಇತ್ತು. ಈಗ ಅವಳ ಒಳ್ಳೆಯತನದ ಮೇಲೂ ಹತ್ತಿಕೊಂಡಿತು.

ಮರುದಿನ ಬೆಳಿಗ್ಗೆ ಇಬ್ಬರೂ ಅಂಗಳದಲ್ಲಿ ಬಟ್ಟಲು ತೊಳೆಯುತ್ತ ಕೂತೆವು. ಕೊನೆಗೆ ನಾನೇ ತಡೆಯಲಾರದೆ ಬಾಯಿ ಬಿಟ್ಟೆ.

“ಅದು ಗಾಯ ಅಲ್ಲ.”

“ಗೊತ್ತು ಎಜೆ.”

ನಾನು ತೊಳೆಯುವುದು ಬಿಟ್ಟು ಅವಳ ಕಡೆ ತಿರುಗಿದೆ.

“ದೊಡ್ಡದು ಮಾಡಿ ನೋಡಿದ್ರೆ ಬೆರಳಿನ ಗೆರೆಗಳೇ ಕಾಣ್ತವೆ. ನಿಮ್ಮ ಹೆಬ್ಬೆಟ್ಟಿಂದು. ಕೇಳೋಕೆ ಬಂದಾಗ್ಲೇ ಮುಕ್ಕಾಲು ಪಾಲು ಗೊತ್ತಿತ್ತು.”

“ಮತ್ಯಾಕೆ ಹಾಕ್ದೆ?”

ಅವಳು ಸೋಪಿನ ಕೈಯನ್ನು ನೀರಿಗೆ ಅದ್ದಿ ತೆಗೆದಳು. “ಎರಡು ವರ್ಷದಲ್ಲಿ ನೀವು ಚಿತ್ರದ ವಿಷಯ ನನ್ನ ಹತ್ರ ಮಾತಾಡಿದ್ದು ಅದೊಂದೇ ಸಲ. ಸುಳ್ಳು ಅನ್ನೋಕೆ ಮನಸ್ಸು ಬರ್ಲಿಲ್ಲ. ಆದ್ರೆ ಭಯಾನೂ ಇತ್ತು. ಅದಕ್ಕೇ ನಿನ್ನೆ ಬೆಳಿಗ್ಗೆ ಆ ಅಜ್ಜಂಗೆ ಫೋನಲ್ಲಿ ತೋರಿಸ್ದೆ. ಕುದುರೆ ಒದ್ದಿದ್ದು ನೆನಪಿದೆಯಾ ಅಜ್ಜ ಅಂತ ಕೇಳ್ದೆ. ತುಂಬಾ ಹೊತ್ತು ನೋಡಿದ್ರು. ಹೂಂ, ಇದೆ ಅಂದ್ರು.”

“ಅಂದ್ರೆ ನೀನು ಹೇಳ್ಕೊಟ್ಟಿದ್ದಾ?”

“ಬೂದಿ ಮೆತ್ತಿದ್ದು ನಾನು ಹೇಳ್ಕೊಟ್ಟಿಲ್ಲ ಎಜೆ. ಹೆಂಡ್ತಿ ಒದ್ಲಾ ಅನ್ನೋದೂ ಹೇಳ್ಕೊಟ್ಟಿಲ್ಲ. ನಿಜಾನೋ ಸುಳ್ಳೋ, ಈಗ ನಂಗೂ ಗೊತ್ತಿಲ್ಲ.”

ನನಗೂ ಗೊತ್ತಿರಲಿಲ್ಲ. ಕುದುರೆ ಸಾಕುವ ನಾಡಿನಲ್ಲಿ ಒದೆ ತಿನ್ನದ ಹುಡುಗ ಯಾರಿದ್ದಾನೆ? ಅಥವಾ ತೊಂಬತ್ತೊಂದರ ಮುದುಕ, ಪಕ್ಕದಲ್ಲಿ ಕೂತು ಚಹಾ ಹೊಯ್ಯುವ ಹುಡುಗಿಗೆ ಇಲ್ಲ ಅನ್ನಲಾರದೆ ಹೂಂ ಅಂದನೋ.

“ನಿನ್ನನ್ನ ಎಲ್ಲರ ಮುಂದೆ ಬೈಸ್ಬೇಕು ಅಂತಾನೇ ನಾನು ಹಾಗೆ ಹೇಳಿದ್ದು,” ಅಂದೆ. ಆ ಮಾತು ಹೊರಗೆ ಬರುವಾಗ ಹಲ್ಲು ಕೀಳಿಸಿಕೊಂಡ ಹಾಗಾಯಿತು.

“ಅದೂ ಗೊತ್ತು.” ಅವಳು ಮೊದಲ ಬಾರಿಗೆ ಗಟ್ಟಿಯಾಗಿ ಹೇಳಿದಳು. “ನಾನೇನು ಅಷ್ಟು ಪೆದ್ದಿ ಅಲ್ಲ. ಒಡೆದ ಬಟ್ಟಲು ಪ್ರತಿ ಸಲ ನಂಗೇ ಬರೋದು ಕಾಣಲ್ವಾ? ಅಳು ಬರುತ್ತೆ ಎಜೆ. ಓಶ್‌ಗೆ ವಾಪಸ್ ಹೋಗ್ಬಿಡೋಣ ಅಂತ ಎಷ್ಟು ಸಲ ಅನ್ಕೊಂಡಿದೀನಿ. ನೀವು ಬರೆಯೋದನ್ನ ನೋಡ್ಬೇಕು ಅಂತಾನೇ ಉಳ್ಕೊಂಡಿದೀನಿ, ಎರ್ಮೆಕ್‌ಗೋಸ್ಕರ ಅಲ್ಲ ಅಂದ್ರೂ ನಡೆಯುತ್ತೆ.”

ಅಂದವಳು ಎರ್ಮೆಕ್ ಕೇಳಿಸಿಕೊಂಡನೋ ಎಂದು ಬೆದರಿ ಹಿಂದೆ ತಿರುಗಿ ನೋಡಿದಳು. ನನಗೆ ನಗು ಬಂತು. ಅವಳಿಗೂ ಬಂತು. ಆದರೆ ನಗು ಮುಗಿದ ಮೇಲೆ ಅವಳು ಅತ್ತಳು. ನಾನು ಏನು ಮಾಡಬೇಕೆಂದು ತೋಚದೆ ಉಳಿದ ಬಟ್ಟಲುಗಳನ್ನೆಲ್ಲ ನನ್ನ ಕಡೆಗೆ ಎಳೆದುಕೊಂಡು ತೊಳೆದೆ.

ಅತ್ತೆಗೆ ನಿಜ ಹೇಳಬೇಕೆಂದು ಅದೇ ದಿನ ಒಳಗೆ ಹೋದೆ. ಅವರು ಫೋನ್ ಕೈಯಲ್ಲಿ ಹಿಡಿದು ನೆಂಟರೊಬ್ಬರಿಗೆ ಕಥೆ ಹೇಳುತ್ತಿದ್ದರು. ಕುದುರೆ ಮರಿಗೆ ಆಗಲೇ ಬಣ್ಣ ಬಂದಿತ್ತು: ಬೂದು ಮೈ, ಹಣೆಯಲ್ಲಿ ಬಿಳಿ ಬೊಟ್ಟು. “ನಮ್ಮಪ್ಪ ಅದನ್ನ ಹೊಡೀಲಿಲ್ಲ, ಕ್ಷಮಿಸಿಬಿಟ್ಟ” ಅನ್ನುತ್ತಿದ್ದರು. ಚಹಾ ಹೊಯ್ದು ಕೊಟ್ಟು ಹೊರಗೆ ಬಂದೆ. ಅವರು ಬದುಕಿದ್ದಷ್ಟು ದಿನ ಅದರ ಬಗ್ಗೆ ನಾವಿಬ್ಬರೂ ಬಾಯಿ ಬಿಡಲಿಲ್ಲ. ಮುಂದಿನ ವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ನನ್ನ ಹೊಟ್ಟೆಕಿಚ್ಚು ಅದರಿಂದ ಆರಿಹೋಯಿತು ಎಂದರೆ ಯಾರೂ ನಂಬಬೇಡಿ. ಈಗಲೂ ಜನ ‘ಪೆರಿಜಾತಳ ಚಿತ್ರ’ ಅಂದರೆ ನನ್ನ ಕಿವಿ ಬಿಸಿಯಾಗುತ್ತದೆ. ಆದರೆ ಕಿಟಕಿಯ ಪಕ್ಕ ಈಗ ಎರಡು ಕುರ್ಚಿ ಇವೆ. ನಾನು ಬರೆಯುತ್ತೇನೆ, ಅವಳು ನೋಡುತ್ತಾಳೆ. ಆಮೇಲೆ ಅವಳು ಬಣ್ಣ ತುಂಬುತ್ತಾಳೆ, ನಾನು ನೋಡುತ್ತೇನೆ. “ಕೆನ್ನೆ ಅಷ್ಟು ಕೆಂಪು ಬೇಡ್ವೇ, ಇವಳೇನು ಮದುವಣಗಿತ್ತಿನಾ?” ಎಂದು ಬೈಯುತ್ತೇನೆ. ಕೆಲವು ಸಲ ಅವಳು ಕೇಳುತ್ತಾಳೆ, ಕೆಲವು ಸಲ “ನಿಮ್ಮ ಕಾಲ ಹೋಯ್ತು ಎಜೆ” ಅನ್ನುತ್ತಾಳೆ.

ಕಳೆದ ತಿಂಗಳು ಅವಳು ಪೆನ್ಸಿಲ್ ಕೇಳಿದಳು. ಅವಳ ತಾಯಿಯ ತಾಯಿಯನ್ನು ಬರೆಯಬೇಕಂತೆ, ಇವಳು ಹುಟ್ಟುವ ಮೊದಲೇ ಸತ್ತ ಹೆಂಗಸು. ಮೊದಲ ಮೂರು ಚಿತ್ರ ನೋಡಿ ನನಗೆ ಒಳಗೊಳಗೇ ಹಾಯೆನಿಸಿತು. ಮೂಗು ಆಲೂಗಡ್ಡೆ, ಕಣ್ಣು ಗುಂಡಿ. ಆಮೇಲೆ ನಾಲ್ಕನೆಯದನ್ನು ನನ್ನ ಮುಂದಿಟ್ಟಳು. ಕಾಗದದಿಂದ ಒಬ್ಬ ಮುದುಕಿ ನನ್ನನ್ನು ನೋಡುತ್ತಿದ್ದಳು. ನಾನು ಹತ್ತು ವರ್ಷ ಒದ್ದಾಡಿ ಕಲಿತದ್ದು ಆ ನೋಟದಲ್ಲಿತ್ತು. ಹಳೆಯ ಉರಿ ಕಾಲಿನಿಂದ ನೆತ್ತಿಗೆ ಏರಿತು.

“ಕಿವಿ ಸರಿಯಾಗಿಲ್ಲ,” ಅಂದೆ.

“ಹೌದಾ?” ಅವಳು ತಕ್ಷಣ ರಬ್ಬರ್ ತೆಗೆದುಕೊಂಡಳು. ಅಳಿಸಿ ಬರೆದಳು, ಮತ್ತೆ ಅಳಿಸಿದಳು. ಕಿವಿ ಕೆಟ್ಟಿತು, ಅದರ ಜೊತೆಗೆ ದವಡೆಯೂ ಜಾರತೊಡಗಿತು. ಅವಳ ಮುಖ ಬಾಡಿತು.

ನಾನು ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡೆ. ಕಾಗದದಲ್ಲಿ ಉಳಿದಿದ್ದ ಮಾಸಿದ ಗೀಟಿನ ಮೇಲೆಯೇ ಅವಳ ಕಿವಿಯನ್ನು ಇದ್ದ ಹಾಗೆ ತಿರುಗಿ ಬರೆದೆ.

“ಮೊದಲು ಬರೆದದ್ದೇ ಸರಿ ಇತ್ತು ಕಣೇ,” ಅಂದೆ. “ನಾನು ಸುಮ್ನೆ ಹೇಳ್ದೆ.”